ಅಬ್ದುಲ್ ಅನ್ನೋದು ಅರ್ಧ ಹೆಸರು: ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?

ಗಲ್ಫಿನಲ್ಲಿ ಕೆಲಸ ಸಿಕ್ಕಿದ್ದ ಗೆಳೆಯರೊಬ್ಬರು ಬ್ಯಾಂಕಿನ ಅರ್ಜಿ ಹಿಡಿದು ನನ್ನ ಹತ್ತಿರ ಬಂದಿದ್ದರು. ಪಾಸ್‌ಪೋರ್ಟಿನಲ್ಲಿ ‘ಅಬ್ದುಲ್’ ಒಂದು ಕಡೆ, ‘ರಹಮಾನ್’ ಇನ್ನೊಂದು ಕಡೆ. ಅಂಕಪಟ್ಟಿಯಲ್ಲಿ ಎರಡೂ ಸೇರಿ ಒಂದೇ ಪದ, ‘ಎಲ್’ ಮಾಯ, ‘ಆರ್’ ಎರಡು ಸಲ. ಅರ್ಜಿ ವಾಪಸ್ ಬಂದಿತ್ತು. ಅವರದೇನೂ ತಪ್ಪಿರಲಿಲ್ಲ. ಬರೆದುಕೊಂಡವರಿಗೆ ಆ ಹೆಸರಿನ ಕಟ್ಟು ಗೊತ್ತಿರಲಿಲ್ಲ.

ಮೊದಲು ಹೆಸರನ್ನು ಬಿಡಿಸಿ ನೋಡಿ. ‘ಅಬ್ದ್’ ಅಂದರೆ ದಾಸ. ‘ಅಲ್’ ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಎರಡೂ ಕೂಡುವಾಗ ‘ಉ’ ಸೇರಿ ಅಬ್ದುಲ್ ಆಗುತ್ತದೆ. ಯಾರ ದಾಸ? ಅದಕ್ಕೆ ಉತ್ತರ ಮುಂದಿನ ಪದದಲ್ಲಿದೆ. ರಹಮಾನ್ ಅಂದರೆ ಕರುಣಾಮಯಿ, ಕರೀಮ್ ಅಂದರೆ ಉದಾರಿ. ಇವು ಮುಸ್ಲಿಮರು ನೆನೆಯುವ ದೇವರ 99 ಹೆಸರುಗಳಲ್ಲಿ ಸೇರಿವೆ. ನಮ್ಮ ರಾಮದಾಸ ಇದ್ದ ಹಾಗೇ ಅಲ್ವಾ? ನಮ್ಮಲ್ಲಿ ದಾಸ ಕೊನೆಗೆ ಬರುತ್ತಾನೆ, ಅರಬ್ಬಿಯಲ್ಲಿ ಮೊದಲಿಗೆ. ಬರೀ ಅಬ್ದುಲ್ ಅಂದರೆ ಮಾತನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆ.

ಆಮೇಲೆ ಬಾಯಿಬಿಟ್ಟು ಹೇಳಿ ನೋಡಿ. ಸತ್ ಮತ್ತು ಜನ ಕೂಡಿ ಸಜ್ಜನ ಆಗುವುದನ್ನು ಶಾಲೆಯಲ್ಲಿ ಕಲಿತಿದ್ದೇವೆ. ಅರಬ್ಬಿಯಲ್ಲೂ ಅಂಥದೇ ಒಂದು ಸಂಧಿ ಇದೆ. ಅಲ್ಲಿನ 28 ಅಕ್ಷರಗಳಲ್ಲಿ 14ರ ಮೊದಲು ‘ಅಲ್’ ಬಂದರೆ ‘ಲ್’ ಕರಗಿ, ಮುಂದಿನ ಅಕ್ಷರ ಇಮ್ಮಡಿಯಾಗುತ್ತದೆ. ರ, ಸ, ನ, ದ, ಶ ಈ ಗುಂಪಿನವು. ಹಾಗಾಗಿ ಅಬ್ದುಲ್ ಕರೀಮ್ ಹಾಗೇ ಉಳಿದರೆ, ರಹಮಾನ್ ಜೊತೆ ಅಬ್ದುರ್ರಹಮಾನ್ ಆಗುತ್ತದೆ. 1979ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಅಬ್ದುಸ್ ಸಲಾಂ ಹೆಸರಿನಲ್ಲಿ ‘ಸ್’ ಬಂದದ್ದೂ ಹೀಗೆಯೇ. ಅರಬ್ಬಿ ಬರಹದಲ್ಲಿ ಮಾತ್ರ ‘ಲ್’ ಎಲ್ಲೂ ಹೋಗುವುದಿಲ್ಲ. ಅದಕ್ಕೇ ಇಂಗ್ಲಿಷಿನಲ್ಲಿ ಕೆಲವರು ಬರಹ ನೋಡಿ ಬರೆಯುತ್ತಾರೆ, ಕೆಲವರು ಉಚ್ಚಾರ ಕೇಳಿ ಬರೆಯುತ್ತಾರೆ. ಎರಡೂ ಸರಿ. ಈಜಿಪ್ಟಿನವರ ‘ಅಬ್ದೆಲ್’ ಕೂಡ ಇದೇ ಪದ.

ಇನ್ನು ಕಾಗದಪತ್ರದ ಕೆಲಸ. ಈಗಾಗಲೇ ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವಂತೆಯೇ ಎಲ್ಲ ಕಡೆ ಬರೆಯಿರಿ. ನಡುವಿನ ಜಾಗವನ್ನೂ ಬದಲಿಸಬೇಡಿ. ಉಚ್ಚಾರ ಸರಿಮಾಡಲು ಹೋಗಿ ಸುಮ್ನೆ ತೊಂದರೆ ತಂದುಕೊಳ್ಳಬೇಡಿ. ಗೆಳೆಯರ ಅರ್ಜಿಯನ್ನೂ ಹಾಗೇ ತಿದ್ದಿದೆವು. ಹುಟ್ಟಿದ ಮಗುವಿಗೆ ಹೊಸದಾಗಿ ಬರೆಸುವುದಾದರೆ ಎರಡನ್ನೂ ಕೂಡಿಸಿ ಒಂದೇ ಪದ ಮಾಡಿ ಅಂತ ನಾನು ಹೇಳುತ್ತೇನೆ. ಗಲ್ಫ್ ದೇಶಗಳಲ್ಲಿ ಹೀಗೆ ಬರೆಯುವುದೇ ಜಾಸ್ತಿ. ಆಗ ಯಾವ ಅರ್ಜಿಯೂ ಹೆಸರನ್ನು ಎರಡು ಹೋಳು ಮಾಡುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಮ್ ಅಬ್ದುಲ್-ಜಬ್ಬಾರ್ 1971ರಲ್ಲಿ ಈ ಹೆಸರಿಗೆ ಬದಲಾದರು. ಅವರ ಹೆಸರಿನಲ್ಲಿ ಒಂದು ಅಡ್ಡಗೆರೆ ಆ ಎರಡು ತುಂಡನ್ನು ಹಿಡಿದಿಟ್ಟಿದೆ. ಅಬ್ದುಲ್ಲಾ ಎಂಬ ಹೆಸರಿಗೆ ಈ ಚಿಂತೆಯಿಲ್ಲ. ಅಬ್ದ್ ಮತ್ತು ಅಲ್ಲಾ ಅಲ್ಲಿ ಆಗಲೇ ಬೆಸೆದುಕೊಂಡಿವೆ.

ಕೊನೆಗೆ, ಕರೆಯುವುದು ಹೇಗೆ? ನೆಹರೂ ಜೊತೆ ಅಲಿಪ್ತ ಚಳವಳಿ ಕಟ್ಟಿದ ಈಜಿಪ್ಟಿನ ಗಮಾಲ್ ಅಬ್ದೆಲ್ ನಾಸರ್ ಅವರನ್ನೇ ನೋಡಿ. ಗಮಾಲ್ ಅವರ ಸ್ವಂತ ಹೆಸರು, ಅಬ್ದೆಲ್ ನಾಸರ್ ತಂದೆಯದು. ಅರಬರು ಅವರನ್ನು ಅಬ್ದೆಲ್ ನಾಸರ್ ಅನ್ನುತ್ತಾರೆ. ಇಂಗ್ಲಿಷ್ ಪತ್ರಿಕೆಗಳು ಅದನ್ನೂ ಕತ್ತರಿಸಿ ಬರೀ ನಾಸರ್ ಮಾಡಿದವು. ಇಮೇಲ್ ಬರೆಯುವಾಗ ನಾವೂ ‘ಡಿಯರ್ ಅಬ್ದುಲ್’ ಅಂತ ಇದನ್ನೇ ಮಾಡುತ್ತೇವೆ. ಪೂರ್ತಿ ಹೆಸರು ಬರೆಯಲು ಇನ್ನೊಂದು ಪದ ಸಾಕು.

ಹಾಗಂತ ಇದನ್ನು ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಬೇಡಿ. ಅಬ್ದುಲ್ ಕಲಾಂ ಅವರನ್ನು ನಾವೆಲ್ಲ ಕಲಾಂ ಅಂತಲೇ ಪ್ರೀತಿಯಿಂದ ಕರೆದೆವು. ಮನೆಯಲ್ಲಿ, ಓಣಿಯಲ್ಲಿ ಅಬ್ದುಲ್ ಅಂತಲೇ ಕರೆಸಿಕೊಂಡು ಬೆಳೆದವರೂ ಇದ್ದಾರೆ. ‘ನಿಮ್ಮನ್ನು ಏನಂತ ಕರೆಯಲಿ?’ ಅಂತ ಒಮ್ಮೆ ಕೇಳಿ. ಅವರು ಹೇಳಿದ್ದನ್ನೇ ಫೋನಿನಲ್ಲೂ ಉಳಿಸಿಕೊಳ್ಳಿ.