ಹೈಸ್ಕೂಲಿನಿಂದ ಪಿಯುಸಿಗೆ: ಹೆಚ್ಚಿದ ಓದಿಗೆ ಒಗ್ಗಿಕೊಳ್ಳುವುದು ಹೇಗೆ?

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 580, 590 ಅಂಕ ಪಡೆದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗದ ಕಾಲೇಜುಗಳಿಗೆ ಸೇರುವ ಮಕ್ಕಳಲ್ಲಿ ಹಲವರು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಅರ್ಧದಷ್ಟು ಅಂಕವೂ ಬಾರದೆ ಕಂಗಾಲಾಗುತ್ತಾರೆ. ವಿಜ್ಞಾನ ತಮಗೆ ಒಗ್ಗುವ ವಿಷಯವಲ್ಲವೆಂದು ಆಗಲೇ ತೀರ್ಮಾನಿಸಿಬಿಡುವವರೂ ಇದ್ದಾರೆ. ಅವರ ಬುದ್ಧಿ ಎರಡು ತಿಂಗಳಲ್ಲಿ ಕಡಿಮೆಯಾಗಿರುವುದಿಲ್ಲ; ಓದಿಸುವ ಕ್ರಮ ಬದಲಾಗಿರುತ್ತದೆ. ಹೈಸ್ಕೂಲಿನಲ್ಲಿ ಪಾಠ ಮಾಡಿದ ಶಿಕ್ಷಕರೇ ನೋಟ್ಸ್ ಬರೆಸುತ್ತಿದ್ದರು, ಪ್ರಶ್ನೋತ್ತರಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು, ಪರೀಕ್ಷೆ ಹತ್ತಿರವಾದಾಗ ಪುನರಾವರ್ತನೆಯನ್ನೂ ಮಾಡಿಸುತ್ತಿದ್ದರು. ಕಾಲೇಜಿನಲ್ಲಿ ಉಪನ್ಯಾಸಕರು ಒಂದು ಅವಧಿಯಲ್ಲಿ ನಾಲ್ಕೈದು ಪುಟಗಳನ್ನು ವಿವರಿಸಿ ಮುಂದಿನ ತರಗತಿಗೆ ನಡೆಯುತ್ತಾರೆ. ಮನನ ಮಾಡುವ ಕೆಲಸ ಪೂರ್ತಿಯಾಗಿ ವಿದ್ಯಾರ್ಥಿಯ ಪಾಲಿಗೆ ಬಂದಿರುತ್ತದೆ, ಆದರೆ ಹಾಗೆ ಬಂದಿದೆಯೆಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಈ ಕೆಲಸವನ್ನು ಜೂನ್ ತಿಂಗಳಿನಿಂದಲೇ ಕೈಗೆತ್ತಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ವಾರ: ಹೊರೆ ಎಷ್ಟೆಂದು ತಿಳಿಯಿರಿ

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ವಿಷಯಗಳ ಸಂಖ್ಯೆ ಆರೇ ಆಗಿರುವುದರಿಂದ ಹೊರೆ ಹೆಚ್ಚಿಲ್ಲವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನವೆಂಬ ಒಂದೇ ವಿಷಯವಾಗಿದ್ದದ್ದು ಇಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂದು ಮೂರಾಗುತ್ತದೆ, ಅವುಗಳಲ್ಲಿ ಭೌತಶಾಸ್ತ್ರದ ಪಠ್ಯವೊಂದೇ ಎರಡು ಭಾಗಗಳಲ್ಲಿ 14 ಅಧ್ಯಾಯಗಳಷ್ಟಿದೆ. ಪ್ರಯೋಗವಿರುವ ವಿಷಯಗಳಿಗೆ 70 ಅಂಕ ಲಿಖಿತ, 30 ಅಂಕ ಪ್ರಾಯೋಗಿಕ. ಉಳಿದವುಗಳಿಗೆ 80 ಅಂಕ ಲಿಖಿತ, 20 ಅಂಕ ಆಂತರಿಕ. ಎಲ್ಲ ಪುಸ್ತಕಗಳ ಅಧ್ಯಾಯಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಬರೆದು, ಮಧ್ಯವಾರ್ಷಿಕ ಪರೀಕ್ಷೆಯ ಹೊತ್ತಿಗೆ ಎಲ್ಲಿಯವರೆಗೆ ಮುಗಿಯುತ್ತದೆಂದು ಉಪನ್ಯಾಸಕರನ್ನೇ ಕೇಳಿ ಗುರುತು ಹಾಕಿ ಗೋಡೆಗೆ ಅಂಟಿಸಿಕೊಳ್ಳುವುದು ಮೊದಲ ಕೆಲಸ.

ಪ್ರಥಮ ಪಿಯುಸಿಯ ಅಂಕ ಮುಂದೆ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲವೆಂಬ ಮಾತು ಹಾಸ್ಟೆಲುಗಳಲ್ಲಿ ಪ್ರತಿ ವರ್ಷ ಓಡಾಡುತ್ತದೆ. ಸಿಇಟಿ ಮತ್ತು ನೀಟ್ ಎರಡರಲ್ಲೂ ಎರಡೂ ವರ್ಷಗಳ ಪಠ್ಯದಿಂದ ಪ್ರಶ್ನೆಗಳು ಬರುತ್ತವೆ ಎಂಬುದನ್ನು ಆ ಮಾತು ಮರೆಸುತ್ತದೆ. ಮೊದಲ ವರ್ಷ ಬಿಟ್ಟದ್ದನ್ನು ಎರಡನೆಯ ವರ್ಷದ ಪಾಠಗಳ ನಡುವೆ ಹಿಂದಿರುಗಿ ಓದಲು ಹೆಚ್ಚಿನವರಿಗೆ ಪುರುಸೊತ್ತೇ ಸಿಗುವುದಿಲ್ಲ.

ಅದೇ ದಿನ ಸಂಜೆ: ಖಾಲಿ ಹಾಳೆಯ ಅಭ್ಯಾಸ

ಈ ಲೇಖನದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ: ಇಂದು ನಡೆದ ಪಾಠವನ್ನು ಇಂದೇ, ಪುಸ್ತಕ ತೆರೆಯುವ ಮೊದಲು, ನೆನಪಿನಿಂದ ಬರೆಯಿರಿ. ನೋಟ್ಸನ್ನು ಮತ್ತೆ ಮತ್ತೆ ಓದಿದಾಗ ಎಲ್ಲವೂ ಗೊತ್ತಿದೆ ಎನ್ನಿಸುತ್ತದೆ. ಗೊತ್ತಿಲ್ಲದ್ದು ಎಲ್ಲಿದೆ ಎಂಬುದು ಬರೆಯಲು ಕುಳಿತಾಗ ಮಾತ್ರ ಕಾಣುತ್ತದೆ.

ಬೆಳಿಗ್ಗೆ ಭೌತಶಾಸ್ತ್ರದಲ್ಲಿ ಓರೆಯಾಗಿ ಎಸೆದ ಕಲ್ಲಿನ ಚಲನೆಯ ಪಾಠ ನಡೆದಿದೆ ಎಂದಿಟ್ಟುಕೊಳ್ಳೋಣ. ಸಂಜೆ ಒಂದು ಹಾಳೆಯ ಮೇಲೆ ಕಲ್ಲು ಸಾಗುವ ಬಾಗಿದ ಹಾದಿಯನ್ನು ಬಿಡಿಸಿ, ಆರಂಭದ ವೇಗವನ್ನು ಅಡ್ಡ ಮತ್ತು ಲಂಬ ಎಂದು ಎರಡು ಘಟಕಗಳಾಗಿ ಒಡೆಯಬೇಕು. ಗಾಳಿಯ ತಡೆಯನ್ನು ಬಿಟ್ಟರೆ ಅಡ್ಡ ಘಟಕ ಬದಲಾಗುವುದಿಲ್ಲ. ಮೇಲಕ್ಕೆ ಹೋಗುವ ಘಟಕ ಒಂದೊಂದು ಸೆಕೆಂಡಿನಲ್ಲೂ ಸೆಕೆಂಡಿಗೆ 9.8 ಮೀಟರಿನಷ್ಟು ಕುಗ್ಗುತ್ತದೆ. ತುದಿ ಮುಟ್ಟಲು ಬೇಕಾದ ಸಮಯವನ್ನು ಕಂಡುಹಿಡಿದು, ಅದನ್ನು ಇಮ್ಮಡಿಗೊಳಿಸಿ, ಅಡ್ಡ ಘಟಕದಿಂದ ಗುಣಿಸಿದರೆ ಕಲ್ಲು ಬೀಳುವ ದೂರ ಸಿಗುತ್ತದೆ. ಬಹಳ ಮಕ್ಕಳ ಪೆನ್ನು ನಿಲ್ಲುವುದು ಇದರ ಮುಂದಿನ ಸಾಲಿನಲ್ಲಿ. ಸೈನ್ ಮತ್ತು ಕೊಸೈನ್‌ಗಳ ಗುಣಲಬ್ಧದ ಎರಡರಷ್ಟು ಎಂದಿದ್ದದ್ದು ಇಮ್ಮಡಿ ಕೋನದ ಸೈನ್ ಆಗಿ ಮಾರ್ಪಡುವ ಸಾಲು ಅದು. ದೂರ ಅತಿ ಹೆಚ್ಚಾಗುವುದು 45 ಡಿಗ್ರಿಯಲ್ಲಿ ಎಂಬ ಫಲಿತಾಂಶ ಅದರಿಂದಲೇ ಬರುತ್ತದೆ. ಪೆನ್ನು ನಿಂತ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಆಗ ಪುಸ್ತಕ ತೆರೆಯಬೇಕು. ಅಲ್ಲಿಯೂ ಬಿಡಿಸಿಕೊಳ್ಳದಿದ್ದರೆ ಆ ಒಂದು ಸಾಲನ್ನು ಮರುದಿನ ಉಪನ್ಯಾಸಕರ ಬಳಿಗೆ ಒಯ್ಯಬೇಕು. "ಸರ್, ಪಾಠ ಅರ್ಥವಾಗಲಿಲ್ಲ" ಎಂದು ಕೇಳುವ ವಿದ್ಯಾರ್ಥಿಗೆ ಅವರು ಹೆಚ್ಚೇನೂ ಹೇಳಲಾರರು, "ಸರ್, ಈ ಸಾಲಿನಿಂದ ಈ ಸಾಲು ಹೇಗೆ ಬಂತು?" ಎಂದವರಿಗೆ ಎರಡು ನಿಮಿಷದಲ್ಲಿ ತಿಳಿಸಿಕೊಡುತ್ತಾರೆ.

ಇದಕ್ಕೆ ಒಂದು ವಿಷಯಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ ಸಾಕು. ಲ್ಯಾಬ್ ಇದ್ದ ದಿನ ರೆಕಾರ್ಡನ್ನೂ ಅಂದೇ ಬರೆದು ಮುಗಿಸಬೇಕು, ಏಕೆಂದರೆ ಬಾಕಿ ಉಳಿದ ರೆಕಾರ್ಡುಗಳು ಸಹಿಗಾಗಿ ಒಟ್ಟಿಗೆ ಕುಳಿತು ನಕಲು ಮಾಡುವ ಕೆಲಸವಾಗಿ, ಪರೀಕ್ಷೆಯ ಹಿಂದಿನ ವಾರವನ್ನೇ ನುಂಗುತ್ತವೆ.

ಗಣಿತದ ಕೊರತೆಯನ್ನು ಮೊದಲೇ ತುಂಬಿಕೊಳ್ಳಿ

ಮೇಲೆ ಹೇಳಿದ ಇಮ್ಮಡಿ ಕೋನದ ಸೂತ್ರ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿಯಲ್ಲಿ ಇಲ್ಲ. ಭೌತಶಾಸ್ತ್ರದವರು ಚಲನೆಯ ಪಾಠದಲ್ಲೇ ಬಳಸುವ ಡಿಫರೆನ್ಸಿಯೇಷನ್ (ಬದಲಾವಣೆಯ ದರ ಕಂಡುಹಿಡಿಯುವ ವಿಧಾನ) ಗಣಿತದ ಪಠ್ಯದಲ್ಲಿ ಬರುವುದು ಕೊನೆಯ ಅಧ್ಯಾಯಗಳ ಸಾಲಿನಲ್ಲಿ. ಪರಿಮಾಣದ ಜೊತೆ ದಿಕ್ಕೂ ಇರುವ ಸದಿಶಗಳಿಗಂತೂ (ವೆಕ್ಟರ್) ಗಣಿತದಲ್ಲಿ ದ್ವಿತೀಯ ಪಿಯುಸಿಯವರೆಗೆ ಕಾಯಬೇಕು. ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕಕ್ಕೆ ಬೇಕಾದ ಲಾಗರಿದಮ್ಮನ್ನು ಹೈಸ್ಕೂಲಿನ ಗಣಿತ ಕಲಿಸಿರುವುದಿಲ್ಲ. ಭೌತಶಾಸ್ತ್ರ ಕಷ್ಟವೆಂದು ಮಕ್ಕಳು ಹೇಳುವಾಗ ಅನೇಕ ಸಲ ಅವರಿಗೆ ತಡೆಯಾಗಿರುವುದು ಇನ್ನೂ ಪಾಠವಾಗದ ಈ ಗಣಿತ. ಜೂನ್ ತಿಂಗಳ ಭಾನುವಾರಗಳಲ್ಲಿ ಈ ನಾಲ್ಕನ್ನು ಮಾತ್ರ, ಆಳಕ್ಕಿಳಿಯದೆ, ಬಳಸಲು ಬೇಕಾಗುವಷ್ಟು ಕಲಿತುಕೊಂಡರೆ ಮುಂದಿನ ಅರ್ಧ ವರ್ಷ ಹಗುರಾಗುತ್ತದೆ. ಸೀನಿಯರ್ ವಿದ್ಯಾರ್ಥಿಯೊಬ್ಬರು ಕುಳಿತು ಹೇಳಿಕೊಟ್ಟರೂ ಆದೀತು.

ಕನ್ನಡ ಮಾಧ್ಯಮದಿಂದ ಬಂದವರಿಗೆ

ವೇಗೋತ್ಕರ್ಷ, ಸಂವೇಗ, ದ್ಯುತಿಸಂಶ್ಲೇಷಣೆ ಎಂದು ಕಲಿತವರಿಗೆ ಆಕ್ಸಲರೇಷನ್, ಮೊಮೆಂಟಮ್, ಫೋಟೋಸಿಂಥೆಸಿಸ್ ಎಂಬ ಪದಗಳು ಹೊಸ ವಿಷಯಗಳಂತೆಯೇ ಕೇಳಿಸುತ್ತವೆ. ಪ್ರತಿ ವಿಷಯದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎರಡು ಕಾಲಂ ಎಳೆದು, ಅಂದಂದಿನ ಪದವನ್ನು ಅಂದಂದೇ ಕನ್ನಡ ಪದದ ಎದುರು ಬರೆಯುತ್ತ ಹೋಗಿ. ಖಾಲಿ ಹಾಳೆಯ ಅಭ್ಯಾಸವನ್ನು ಮೊದಲ ಒಂದೆರಡು ತಿಂಗಳು ಕನ್ನಡದಲ್ಲೇ ಮಾಡಿದರೂ ನಷ್ಟವಿಲ್ಲ. ವಿಷಯ ಮೊದಲು ತಿಳಿಯಲಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ವಾಕ್ಯಗಳು ಸರಳವಾದವು, ಬರೆದು ಬರೆದು ಕೈಗೆ ಬರುತ್ತವೆ. ಭಯದಿಂದ ಜೂನ್ ತಿಂಗಳಲ್ಲೇ ಎಲ್ಲ ವಿಷಯಗಳಿಗೂ ಟ್ಯೂಷನ್ ಸೇರುವುದನ್ನು ನಾನು ಒಪ್ಪುವುದಿಲ್ಲ. ಅದೇ ಪಾಠವನ್ನು ಎರಡನೆಯ ಸಲ ಕೇಳಲು ಹೋದ ಎರಡು ಗಂಟೆ, ತಾನೇ ಬರೆದು ನೋಡಬೇಕಾಗಿದ್ದ ಎರಡು ಗಂಟೆಯೇ ಆಗಿರುತ್ತದೆ.

ವಾಣಿಜ್ಯ ವಿಭಾಗದವರಿಗೆ ಹೊಸದಾಗಿರುವುದು ಲೆಕ್ಕಶಾಸ್ತ್ರ. ಡೆಬಿಟ್, ಕ್ರೆಡಿಟ್ ನಿಯಮಗಳು ವ್ಯವಹಾರಗಳನ್ನು ಮೊದಲು ದಾಖಲಿಸುವ ಜರ್ನಲ್ ಹಂತದಲ್ಲೇ ಗಟ್ಟಿಯಾಗದಿದ್ದರೆ ಖಾತೆವಾರು ಬರೆಯುವ ಲೆಡ್ಜರ್ ತಪ್ಪುತ್ತದೆ, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದಿಲ್ಲ; ದಿನಕ್ಕೆ ಐದು ಲೆಕ್ಕ ಮಾಡುವುದೇ ಇದಕ್ಕೆ ದಾರಿ. ಕಲಾ ವಿಭಾಗದವರು ವಾರಕ್ಕೊಂದು ದೀರ್ಘ ಉತ್ತರವನ್ನು ಗಡಿಯಾರ ನೋಡಿಕೊಂಡು ಬರೆದು ಅಧ್ಯಾಪಕರಿಗೆ ತೋರಿಸಬೇಕು.

ಮಳೆ, ಬಸ್ಸು, ಕರೆಂಟು

ಮಲೆನಾಡಿನ ವೇಳಾಪಟ್ಟಿಯನ್ನು ಮಳೆಯನ್ನು ಬಿಟ್ಟು ಬರೆಯಲಾಗದು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಪ್ಪೆ ಹೊದ್ದು ರಸ್ತೆಗೆ ಬಂದು ಬಸ್ಸು ಹಿಡಿಯುವ ಮಕ್ಕಳಿಗೆ ಸಂಜೆ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ. ಇಂಥವರು ಖಾಲಿ ಹಾಳೆಯ ಅಭ್ಯಾಸವನ್ನು ಮನೆಗೆ ಒಯ್ಯದೆ, ಕಾಲೇಜು ಬಿಟ್ಟ ಮೇಲೆ ಬಸ್ಸಿನ ಹೊತ್ತಿನವರೆಗೆ ಗ್ರಂಥಾಲಯದಲ್ಲೇ ಮುಗಿಸುವುದು ಲೇಸು. ಬಸ್ಸಿನಲ್ಲಿ ಲೆಕ್ಕ ಮಾಡಲಾಗುವುದಿಲ್ಲ, ಆದರೆ ಜೀವಶಾಸ್ತ್ರದ ಹೆಸರುಗಳನ್ನೂ ಹಿಂಬದಿಯ ಪದಪಟ್ಟಿಯನ್ನೂ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳಬಹುದು. ಊರಿನಲ್ಲಿ ನೆಟ್‌ವರ್ಕ್ ಸಿಗದವರು ಬೇಕಾದ ವಿಡಿಯೋಗಳನ್ನು ಪೇಟೆಯಲ್ಲಿರುವಾಗಲೇ ಇಳಿಸಿಕೊಳ್ಳಲಿ. ರಾತ್ರಿ ಹತ್ತಕ್ಕೆ ಮಲಗಿ ಬೆಳಗಿನ ಜಾವ ಐದಕ್ಕೆ ಏಳುವುದು ಮಳೆಗಾಲದಲ್ಲಿ ಕಷ್ಟವೇ, ಆದರೂ ನಿದ್ದೆ ಕಡಿದುಕೊಂಡು ಹನ್ನೆರಡರವರೆಗೆ ಕೂರುವುದಕ್ಕಿಂತ ಅದು ಮೇಲು.

ಮಳೆಯ ರಜೆ ಘೋಷಣೆಯಾದ ದಿನ ಹೊಸದನ್ನು ಓದಬೇಡಿ. ಪೆನ್ಸಿಲ್ ಗುರುತು ಬಿದ್ದ ಜಾಗಗಳನ್ನು ಮಾತ್ರ ತೆಗೆದು ಕುಳಿತುಕೊಳ್ಳಿ. ಆ ದಿನಗಳ ಪಾಠವನ್ನು ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸುವಾಗ ವೇಗ ಹೆಚ್ಚುತ್ತದೆ, ಆ ತರಗತಿಗಳನ್ನು ತಪ್ಪಿಸಿಕೊಂಡವರು ಹಿಂದೆ ಬೀಳುತ್ತಾರೆ. ಶೇ 75ರ ಹಾಜರಾತಿ ಕಡ್ಡಾಯವೆಂಬುದೂ ನೆನಪಿನಲ್ಲಿರಲಿ.

ಮನೆಯವರಿಗೆ ಒಂದು ಕೋರಿಕೆ

ದಸರೆ ಕಳೆದು ಅಡಿಕೆ ಕೊಯ್ಲು ಬಿರುಸಾದರೆ ತೋಟದ ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿಯಲು ಎಲ್ಲರ ಕೈಯೂ ಬೇಕಾಗುತ್ತದೆ. ಹೈಸ್ಕೂಲಿನ ಮಗಳು ಒಂದು ತಾಸು ಸುಲಿದು ಮತ್ತೆ ಓದುತ್ತಿದ್ದಳು, ಈಗೇಕೆ ಆಗದು ಎಂದು ಅಪ್ಪ ಅಮ್ಮ ಕೇಳುವುದು ಸಹಜ. ಪಿಯುಸಿಯ ದ್ವಿತೀಯಾರ್ಧದ ಪಾಠಗಳು ಮೊದಲಿನವುಗಳಿಗಿಂತ ಭಾರವಾಗಿದ್ದು, ಅವು ಕೊಯ್ಲಿನ ಕಾಲದಲ್ಲೇ ಬರುತ್ತವೆ. ಕೆಲಸವನ್ನು ಪೂರ್ತಿ ಬಿಡಿಸಿ ಎನ್ನುತ್ತಿಲ್ಲ. ವಾರದ ದಿನಗಳ ರಾತ್ರಿಗಳನ್ನು ಓದಿಗೆ ಬಿಟ್ಟು, ಭಾನುವಾರ ಸುಲಿಯಲು ಕೂರಿಸಿಕೊಳ್ಳಿ.

ಮೊದಲ ಪರೀಕ್ಷೆಯ ನಂತರ

ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಒಟ್ಟು ಅಂಕವನ್ನು ಬದಿಗಿಟ್ಟು, ಕಳೆದುಹೋದ ಪ್ರತಿಯೊಂದು ಅಂಕದ ಎದುರು ಕಾರಣ ಬರೆಯಿರಿ: ಪಾಠವೇ ತಿಳಿದಿರಲಿಲ್ಲ, ತಿಳಿದಿದ್ದರೂ ಇಂಗ್ಲಿಷಿನಲ್ಲಿ ಬರೆಯಲಾಗಲಿಲ್ಲ, ಲೆಕ್ಕದಲ್ಲಿ ಕೈತಪ್ಪಾಯಿತು, ಸಮಯ ಸಾಲಲಿಲ್ಲ. ಭಾಷೆ ಮತ್ತು ಸಮಯದ ಕಾರಣಗಳೇ ಹೆಚ್ಚಾಗಿದ್ದರೆ ಅಭ್ಯಾಸ ಮುಂದುವರಿದಂತೆ ಮಧ್ಯವಾರ್ಷಿಕದ ಹೊತ್ತಿಗೆ ಅಂಕ ಏರುತ್ತದೆ. ಕಾಂಬಿನೇಷನ್ ಬದಲಿಸುವ ಯೋಚನೆ ಬೇಡ. ಪಾಠವೇ ತಿಳಿದಿಲ್ಲವೆಂಬ ಉತ್ತರ ಒಂದೇ ವಿಷಯದಲ್ಲಿ ಪದೇ ಪದೇ ಬಂದರೆ ಆ ಉತ್ತರಪತ್ರಿಕೆಯನ್ನೇ ಹಿಡಿದುಕೊಂಡು ವಿಷಯದ ಉಪನ್ಯಾಸಕರನ್ನು ಕಾಣಿ. ವಿಷಯದಲ್ಲಿ ಆಸಕ್ತಿಯೇ ಇಲ್ಲವೆಂದು ಖಚಿತವಾಗಿರುವವರು ಮಾತ್ರ, ಅಪ್ಪ ಅಮ್ಮನ ಜೊತೆ ಹೋಗಿ, ವಿಭಾಗ ಬದಲಾವಣೆಗೆ ಇನ್ನೂ ಅವಕಾಶವಿದೆಯೇ ಎಂದು ಪ್ರಾಚಾರ್ಯರನ್ನು ತಡಮಾಡದೆ ವಿಚಾರಿಸಬೇಕು.