ಹಿತ್ತಲಿನಲ್ಲಿ ಫುಗಡಿ

ಮಗಳಿಗೆ ಎಸ್ಸೆಸ್ಸೆಲ್ಸಿ. ಯಜಮಾನರ ಅಂಗಡಿಯಲ್ಲಿ ವ್ಯಾಪಾರ ಕುಸಿದು ಸಾಲ ಏರಿತ್ತು. ಹುಬ್ಬಳ್ಳಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಾತು ಶುರುವಾದರೆ ಜಗಳವೇ.

ಒಂದು ರಾತ್ರಿ ಅಳುತ್ತಿದ್ದ ಮಗಳನ್ನು ಅಪ್ಪಿಕೊಳ್ಳಲು ಹೋದೆ. ಕೊಸರಿಕೊಂಡು ಎದ್ದು ಹೋದಳು. ಬಹಳ ನೋವಾಯಿತು. ಆದರೆ ಸಿಟ್ಟು ಬಂದಾಗ ಮೈಯೆಲ್ಲ ಬಿಗಿದಿರುತ್ತದೆ. ಆಗ ಯಾರು ಮುಟ್ಟಿದರೂ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಮೊದಲು ಆ ಬಿಗಿ ಸಡಿಲಬೇಕು.

ದಾರಿ ತೋರಿಸಿದವರು ಅತ್ತೆ. ನಾಗರ ಪಂಚಮಿಗೆ ಜೋಕಾಲಿ ಜೀಕಿ, ಫುಗಡಿ ಆಡಿ ಬೆಳೆದವರು. "ಬಾರವಾ, ಫುಗಡಿ ಹೆಂಗ ಆಡೋದಂತ ತೋರಸ್ತೀನಿ" ಎಂದು ಮೊಮ್ಮಗಳನ್ನು ಹಿತ್ತಲಿಗೆ ಕರೆದರು. ಮಂಡಿನೋವಿದ್ದದ್ದರಿಂದ ಕಟ್ಟೆಯ ಮೇಲೆ ಕೂತೇ ಹೇಳಿಕೊಟ್ಟರು. ನಾನೂ ಮಗಳೂ ಎದುರುಬದುರು ನಿಂತು, ಕೈಗೆ ಕೈ ಕತ್ತರಿ ಹಾಕಿ ಗಟ್ಟಿಯಾಗಿ ಹಿಡಿದೆವು. ಪಾದ ಹತ್ತಿರ ತಂದು, ಮೈ ಹಿಂದಕ್ಕೆ ಬಿಟ್ಟು, ಗಿರಗಿರ ತಿರುಗಿದೆವು. ಫುಗಡಿಯಲ್ಲಿ ಒಬ್ಬರು ಕೈಬಿಟ್ಟರೆ ಇಬ್ಬರೂ ಬೀಳುತ್ತಾರೆ. ಎಷ್ಟೋ ದಿನಗಳ ಮೇಲೆ ಮಗಳು ನನ್ನ ಭಾರ ಹಿಡಿದಿದ್ದಳು, ನಾನು ಅವಳದು. ತಲೆ ಸುತ್ತಿ ಕೂತು ನಕ್ಕೆವು.

ಅಂದಿನಿಂದ ದಿನಾ ಏಳೂವರೆಗೆ, ಊಟಕ್ಕೆ ಮುಂಚೆ, ಹತ್ತು ನಿಮಿಷ. ಬರಿಗಾಲು, ಒಣ ನೆಲ, ಫೋನ್ ಒಳಗೆ. ಮಾರ್ಕ್ಸಿನ ಮಾತಿಲ್ಲ. ಯಜಮಾನರು ನಾಲ್ಕು ದಿನ ಬರಲಿಲ್ಲ. ಕರೆದೆವು, ಒತ್ತಾಯ ಮಾಡಲಿಲ್ಲ. ಐದನೇ ದಿನ ಬಂದು ಅತ್ತೆಯ ಪಕ್ಕ ಕೂತು ಚಪ್ಪಾಳೆ ತಟ್ಟಿದರು. ಭಾನುವಾರ ಉಣಕಲ್ ಕೆರೆಗೆ ಹೋಗಿ ಅತ್ತೆಯ ನಿಧಾನದ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತೇವೆ. ಪಕ್ಕಪಕ್ಕ ನಡೆಯುವಾಗ ಮುಖ ನೋಡುವ ಸಂಕೋಚವಿಲ್ಲ. ಸಾಲ ಎಷ್ಟಿದೆ ಅಂತ ಯಜಮಾನರು ಮೊದಲು ಬಾಯಿಬಿಟ್ಟದ್ದು ಅಲ್ಲೇ.

ಎಣ್ಣೆ ಹಚ್ಚುವುದು ಶುರುವಾದದ್ದು ಆಮೇಲೆ. ಮಲಗುವ ಮುಂಚೆ ಬೆಚ್ಚಗಿನ ಕೊಬ್ಬರಿ ಎಣ್ಣೆ, ಮಗಳ ಕಾಲಿಗೆ. "ಹಚ್ಚಲೇನು?" ಅಂತ ಕೇಳಿಯೇ ಹಚ್ಚುತ್ತೇನೆ. ಬೇಡ ಅಂದರೆ ಬೇಡ. ಗಡಿಬಿಡಿಯಲ್ಲಿ ತಿಕ್ಕಬಾರದು. ಕೂದಲಿರುವ ಚರ್ಮದಲ್ಲಿ ಮೆಲ್ಲಗೆ ಸವರಿದರೆ ಎಚ್ಚರಗೊಳ್ಳುವ ನರಗಳಿವೆ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಹಿತ. ಮೊಣಕಾಲಿನಿಂದ ಪಾದಕ್ಕೆ ಬರಲು ನಾನು ಏಳೆಂಟು ಸೆಕೆಂಡು ತೆಗೆದುಕೊಳ್ಳುತ್ತೇನೆ, ಒಂದು ಉದ್ದ ಉಸಿರು ಬಿಡುವಷ್ಟು ಹೊತ್ತು. ಹಾಗೆ ಉಸಿರು ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಹಚ್ಚುವವರದೂ.

ಸಾಲ ಇನ್ನೂ ತೀರಿಲ್ಲ. ಹೋದ ವಾರವೂ ಜೋರಾಗಿ ಜಗಳವಾಯಿತು. ಏಳೂವರೆಗೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದರು. ಮೊದಲು ಎದ್ದವಳು ಮಗಳು.