ಹಳೆ ವಿಲ್ಲಿಸ್ ಟ್ರಕ್ಕಿಗೆ ಡಿಸ್ಕ್ ಬ್ರೇಕ್: ಪೆಡಲ್ ತೊಂದರೆ ಸರಿಹೋದದ್ದು ಹೀಗೆ

ಉಡುಪಿಯಲ್ಲಿರುವ ನನ್ನ ಹಳೆ ವಿಲ್ಲಿಸ್ ಪಿಕಪ್ಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್, ಒಂದೇ ಸರ್ಕ್ಯೂಟ್ (ಬ್ರೇಕ್ ಎಣ್ಣೆ ಹರಿಯುವ ಹಾದಿ). ಒಂದು ಪೈಪ್ ಒಡೆದರೆ ನಾಲ್ಕೂ ಹೋದ ಹಾಗೆ, ಅಲ್ವಾ? ಆಗುಂಬೆಯ 14 ತಿರುವು ಇಳಿಯುವಾಗ ಡ್ರಮ್ ಕಾದು ಹಿಡಿತ ತಗ್ಗುತ್ತಿತ್ತು. ಹಾಗಾಗಿ ಮುಂದೆ ಡಿಸ್ಕ್, ಜೊತೆಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹಾಕಿಸಿದೆ.

ಆಮೇಲೆ ಹೊಸ ತೊಂದರೆ ಶುರುವಾಯಿತು. ಗಾಡಿ ಸ್ವಲ್ಪ ಹೊತ್ತು ನಿಂತರೆ, ಮೊದಲ ಸಲ ಒತ್ತಿದಾಗ ಪೆಡಲ್ ತೀರಾ ಕೆಳಗೆ ಹೋಗುತ್ತಿತ್ತು. ಎರಡನೇ ಸಲ ಗಟ್ಟಿ. ಪೈಪಿನ ಗಾಳಿ ತೆಗೆದರೂ ಅದೇ ಕತೆ.

ಕಾರಣ ಮಾಸ್ಟರ್ ಸಿಲಿಂಡರ್ ಇರುವ ಜಾಗ. ಈ ಗಾಡಿಯಲ್ಲಿ ಅದು ಕಾಲಿಡುವ ತಗಡಿನ ಅಡಿಯಲ್ಲಿ, ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್‌ಗಿಂತ ತಗ್ಗಿನಲ್ಲಿದೆ. ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಬಿಡುತ್ತದೆ. ಡಿಸ್ಕ್ ಲೈನಿಗೆ 2 ಪಿಎಸ್‌ಐ (ಒತ್ತಡದ ಅಳತೆ), ಡ್ರಮ್ ಲೈನಿಗೆ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್) ಹಾಕಿದ ಮೇಲೆ ಮೊದಲ ಒತ್ತಿಗೇ ಬ್ರೇಕ್ ಹಿಡಿಯಿತು. ಎಷ್ಟು ಖುಷಿಯಾಯಿತು ಅಂದರೆ! ಇವೆರಡನ್ನು ಮಾತ್ರ ಅದಲುಬದಲು ಮಾಡಬೇಡಿ. ಡಿಸ್ಕಿಗೆ 10 ಹಾಕಿದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಹಿಂದಿನ ಚಕ್ರ ಬೇಗ ಲಾಕ್ ಆಗುತ್ತಿದ್ದದ್ದು ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿದಾಗ ನಿಂತಿತು.

ಹಾಕಿದ ಬ್ರೇಕ್ ಎಣ್ಣೆ ಡಾಟ್ 4 ದರ್ಜೆಯದು. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155ಕ್ಕೆ ಇಳಿಯಬಹುದು. ನಮ್ಮ ಕರಾವಳಿಯಲ್ಲಿ ತೇವ ಜಾಸ್ತಿ. ತೆರೆದಿಟ್ಟ ಹಳೆ ಡಬ್ಬಿಯ ಎಣ್ಣೆ ಹಾಕಲೇಬೇಡಿ.